ಕುರ್ಚಿಯ ಮೇಲೆ ಬಂದ ಚಕ್ಕರ್

ನಾನು ಪರಾಂಚಿ ಕಟ್ಟುವವನು. ಗಿಲಾವು ಮಾಡುವವರು, ಬಣ್ಣ ಹಚ್ಚುವವರು ನಿಂತು ಕೆಲಸ ಮಾಡಲಿಕ್ಕೆ ಕಟ್ಟಡದ ಹೊರಗೋಡೆಗೆ ಬಿದಿರು ಮತ್ತು ಹಗ್ಗದಿಂದ ಅಟ್ಟ ಕಟ್ಟುತ್ತಾರಲ್ಲ, ಊರ ಕಡೆ ಅದಕ್ಕೆ ಸಾರವೆ ಅನ್ನುತ್ತಾರೆ. ಮುಂಬಯಿಯಲ್ಲಿ ಪರಾಂಚಿ. ಬೊರಿವಲಿಯಿಂದ ದಾದರ್ ತನಕ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು, ಈ ಬಿಲ್ಡಿಂಗಿಗೆ ಕಟ್ಟಿದ್ದು ನಾನು, ಆ ಬಿಲ್ಡಿಂಗಿಗೂ ನಾನೇ ಎಂದು ತೋರಿಸುತ್ತ ಹೋಗಬಲ್ಲೆ. ತೊಂದರೆ ಏನೆಂದರೆ ಕೆಲಸ ಮುಗಿದ ಮೇಲೆ ಪರಾಂಚಿಯನ್ನು ಬಿಚ್ಚಿಬಿಡುತ್ತಾರೆ. ಬಣ್ಣದವನ ಬಣ್ಣ ಉಳಿಯುತ್ತದೆ, ಗಿಲಾವಿನವನ ಗೋಡೆ ಉಳಿಯುತ್ತದೆ, ನನ್ನ ಕೆಲಸಕ್ಕೆ ನನ್ನ ಬಾಯಿಮಾತೇ ಸಾಕ್ಷಿ. ಅದಕ್ಕೇ ಇರಬೇಕು, ನನ್ನ ಬಾಯಿ ಸ್ವಲ್ಪ ದೊಡ್ಡದು.

ಐದನೇ ಇಯತ್ತೆಯ ಅರ್ಧಕ್ಕೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಓದು ಬರಹ ಕೈತಪ್ಪಬಾರದೆಂದು ಇಂದಿಗೂ ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ, ಸತ್ತವರ ಫೋಟೋಗಳನ್ನೂ ಬಿಡದೆ ಓದುತ್ತೇನೆ. ಉಳಿದ ವಿದ್ಯೆಯೆಲ್ಲ ಗಂಟಿನಲ್ಲಿ ಕಲಿತದ್ದು. ಹಗ್ಗ ಬಿದಿರನ್ನು ಎಷ್ಟು ಸುತ್ತು ಸುತ್ತಬೇಕು, ಸುತ್ತಿದ ಮೇಲೆ ಎರಡು ಬಿದಿರಿನ ನಡುವೆ ಅಡ್ಡಸುತ್ತು ಹಾಕಿ ಹೇಗೆ ಬಿಗಿಯಬೇಕು, ಆ ಬಿಗಿತ ಹೆಬ್ಬೆರಳಿಗೆ ಹೇಗೆ ತಿಳಿಯಬೇಕು, ಇದನ್ನು ನನ್ನಷ್ಟು ಬಲ್ಲವರು ಈ ಲೈನಿನಲ್ಲಿ ಕಡಿಮೆ. ಇಷ್ಟು ವರ್ಷದಲ್ಲಿ ಎಷ್ಟು ಎತ್ತರಕ್ಕೆ ಹೋದರೂ ನನಗೆ ಒಮ್ಮೆಯೂ ತಲೆ ತಿರುಗಿದ್ದಿಲ್ಲ. ಇದನ್ನು ನಾನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದೆ.

ನನ್ನ ಟೋಳಿಯಲ್ಲಿ ನನ್ನನ್ನೂ ಸೇರಿಸಿ ಒಂಬತ್ತು ಜನ, ನಾನು ಮುಕಾದಮ, ಅಂದರೆ ಮೇಸ್ತ್ರಿ. ಅವರೆಲ್ಲ ನಮ್ಮ ವಿಜಾಪುರ ಕಡೆಯವರು. ಟೋಳಿಗೆ ಒಂದು ನಿಯಮ ಇದೆ, ನಾನೇ ಮಾಡಿದ್ದು. ಮೇಲೆ ಇದ್ದಾಗ ಯಾರಿಗೆ ಚಕ್ಕರ್ ಬಂದರೂ, ಅಂದರೆ ತಲೆ ತಿರುಗಿದರೂ, ಹತ್ತಿರದ ನಿಲುಬಿದಿರನ್ನು ತಬ್ಬಿ ಕುಳಿತು, "ಚಕ್ಕರ್" ಎಂದು ಬಾಯಿಬಿಟ್ಟು ಹೇಳಬೇಕು. ಕೇಳಿದವನು ತನ್ನ ಕೆಳಗಿನವನಿಗೆ ಅದೇ ಮಾತನ್ನು ದಾಟಿಸಬೇಕು. ಹೀಗೆ ಮಾತು ನೆಲ ಮುಟ್ಟುವ ಹೊತ್ತಿಗೆ ಇಬ್ಬರು ಹತ್ತಿ ಅವನನ್ನು ಇಳಿಸಿಕೊಳ್ಳುತ್ತಾರೆ. ಅವನ ಕಾಲು ಮಣ್ಣಿಗೆ ತಾಗುವ ತನಕ ಯಾರೂ ನಗಬಾರದು. ತಾಗಿದ ಮೇಲೆ ದಿನವಿಡೀ ನಗಬಹುದು. ಚಕ್ಕರ್ ಬಂದದ್ದನ್ನು ಮುಚ್ಚಿಟ್ಟವನಿಗೆ ಮಾತ್ರ ಟೋಳಿಯಲ್ಲಿ ಜಾಗವಿಲ್ಲ. ಹಾಗೆ ಒಬ್ಬನನ್ನು ಕಳಿಸಿಯೂ ಇದ್ದೇನೆ. ಒಳ್ಳೆಯ ಕೆಲಸಗಾರ. ತಲೆ ತಿರುಗುತ್ತಿದ್ದುದನ್ನು ಮೂರು ದಿನ ಮುಚ್ಚಿಟ್ಟು, ನಾಲ್ಕನೇ ದಿನ ಕೈಯಲ್ಲಿದ್ದ ಬಿದಿರನ್ನು ಬಿಟ್ಟ. ಅದು ಯಾರ ಮೇಲೂ ಬೀಳದೆ ಮರಳಿನ ರಾಶಿಗೆ ಚುಚ್ಚಿಕೊಂಡು ನಿಂತಿತು. ಅಂದು ಸಂಜೆಯೇ ಅವನಿಗೆ ನಮಸ್ಕಾರ ಹೇಳಿದೆ. ಈಗ ಜೋಗೇಶ್ವರಿಯಲ್ಲಿ ಒಂದು ಫರ್ನಿಚರ್ ಕಾರಖಾನೆಯಲ್ಲಿದ್ದಾನೆ.

ಹೋದ ವರ್ಷ ಬೊರಿವಲಿಯಲ್ಲಿ ಹಳೆಯ ಚಾಳನ್ನು ಕೆಡವಿ ಹೊಸ ಬಿಲ್ಡಿಂಗ್ ಎಬ್ಬಿಸುತ್ತಿದ್ದರು. ಅಲ್ಲಿ ಹೊಸ ಕಾನೂನು ಬಂತು. ಎತ್ತರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನೂ ಕಣ್ಣಿಗೆ ಒಂದು ಡಬ್ಬಿಯಂಥ ಕನ್ನಡಕ ಕಟ್ಟಿಕೊಂಡು ಪರೀಕ್ಷೆ ಕೊಡಬೇಕು. ಅದರೊಳಗೆ ಮೂವತ್ತನೇ ಮಾಳಿಗೆ ಕಾಣುತ್ತದಂತೆ. ಪರಾಂಚಿಯ ಮೇಲೆ ಈ ತುದಿಯಿಂದ ಆ ತುದಿಗೆ ಹೋಗಬೇಕು, ದಾರಿಯಲ್ಲಿ ನಾಲ್ಕು ಕಡೆ ಬೆಲ್ಟಿನ ಕೊಕ್ಕೆ ಸಿಕ್ಕಿಸಬೇಕು. ಪಾಸಾದವನಿಗೆ ಹಸಿರು ಕಾರ್ಡು. ವಾರದೊಳಗೆ ಮೂರು ಅವಕಾಶ, ಮೂರರಲ್ಲೂ ಆಗದಿದ್ದರೆ ಆರು ತಿಂಗಳು ನೆಲದ ಕೆಲಸ.

ಟೋಳಿಯವರು ಮುಖ ಸಣ್ಣದು ಮಾಡಿದರು. ನಾನು ಮಾತ್ರ ನಕ್ಕೆ. ಮೊದಲು ನಾನೇ ಹೋಗುತ್ತೇನೆ, ಬೀಡಿ ಆರುವುದರೊಳಗೆ ಬರುತ್ತೇನೆ ಎಂದೆ. ಇಪ್ಪತ್ತು ವರ್ಷದಿಂದ ನನ್ನ ಜೋಡಿ ಗಂಟು ಬಿಗಿಯುವ ದೋಸ್ತನೊಬ್ಬನಿದ್ದಾನೆ, ನಮ್ಮ ತಾಲೂಕಿನ ಸಾಬರವನು, ಮಾತಿಗಿಂತ ಹುಬ್ಬು ಹೆಚ್ಚು ಆಡಿಸುವವನು. ಅವನು ಬೀಡಿ ಹಚ್ಚಿದ.

ಸೈಟಿನ ಒಂದು ಕಂಟೇನರಿನಲ್ಲಿ ಪರೀಕ್ಷೆ. ಒಂದು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಟೀವಿ, ಒಂದು ಸ್ಟ್ಯಾಂಡ್ ಫ್ಯಾನು. ಪರೀಕ್ಷೆ ನಡೆಸುತ್ತಿದ್ದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ನನ್ನ ಊರು ಕೇಳಿ ಖುಷಿಪಟ್ಟಳು. ಅವಳ ತಂದೆಯೂ ನಮ್ಮ ಕಡೆಯವರೇ, ಆದರೆ ಅವಳು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. "ಕಾಕಾ, ನಂಗೆ ಕನ್ನಡ ಪೂರಾ ಸಮಜ್ತದೆ, ಬೋಲಕ್ಕೆ ಥೋಡಾ ಕಮ್ಮಿ," ಅಂದಳು. ಕೈಗೆ ಎರಡು ಹಿಡಿಕೆ ಕೊಟ್ಟಳು. ಹೆಬ್ಬೆರಳಿನ ಹತ್ತಿರ ಗುಂಡಿ, ಅದನ್ನು ಮುಂದಕ್ಕೆ ಒತ್ತಿದರೆ ನಾವು ಮುಂದೆ ಹೋದ ಹಾಗೆ ಕಾಣುತ್ತದೆ. ಕಾಲು ಆಡಿಸುವುದು ಬೇಡ, ಕುಳಿತೇ ಇರಬೇಕು. ಕುಳಿತು ಪರಾಂಚಿ ಹತ್ತುವ ಕೆಲಸ ಇದೇ ಮೊದಲು ನೋಡಿದ್ದು ಎಂದೆ. ಅವಳು ಕನ್ನಡಕ ಕಟ್ಟಿದಳು. ಒಳಗೆ ಯಾರದೋ ತಲೆಎಣ್ಣೆಯ ವಾಸನೆ.

ಕಣ್ಣು ಬಿಟ್ಟರೆ ನಿಜಕ್ಕೂ ಮೂವತ್ತನೇ ಮಾಳಿಗೆ. ಕೆಳಗೆ ಆಟದ ಸಾಮಾನಿನಂಥ ಕಾರುಗಳು, ಮೇಲೆ ಮೋಡ, ದೂರಕ್ಕೆ ಸಮುದ್ರ. ಎತ್ತರ ನನಗೆ ಮನೆಯ ಹೊಸ್ತಿಲಿದ್ದ ಹಾಗೆ, ಏನೂ ಅನಿಸಲಿಲ್ಲ. ಆದರೆ ಎದುರಿಗಿದ್ದ ಪರಾಂಚಿಯನ್ನು ನೋಡಿ ಮೈ ಉರಿಯಿತು. ಚಿತ್ರ ಮಾಡಿದ ಪುಣ್ಯಾತ್ಮನಿಗೆ ಮುಂಬಯಿಯಲ್ಲಿ ಬಿದಿರು ಬಳಸುತ್ತಾರೆಂದು ಯಾರೋ ಹೇಳಿದ್ದಾರೆ, ಹೇಗೆ ಕಟ್ಟುತ್ತಾರೆಂದು ಹೇಳಿಲ್ಲ. ಮಿಠಾಯಿ ಅಂಗಡಿಯವನು ಪೊಟ್ಟಣಕ್ಕೆ ದಾರ ಸುತ್ತಿದ ಹಾಗೆ ಸುತ್ತಿದ್ದ. ಅಡ್ಡಸುತ್ತು ಇಲ್ಲವೇ ಇಲ್ಲ. ಇಂಥ ಪರಾಂಚಿಯ ಮೇಲೆ ಬೆಕ್ಕನ್ನೂ ನಾನು ಬಿಡುವುದಿಲ್ಲ.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಹೆಜ್ಜೆ ಇಡುವ ಮೊದಲು ಬಗ್ಗಿ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇವೆ, ಬಿದಿರನ್ನು ಹಿಮ್ಮಡಿಯಿಂದ ಒದ್ದು ಅದರ ಸದ್ದು ಕೇಳುತ್ತೇವೆ. ಇದನ್ನು ಬುದ್ಧಿ ಮಾಡುವುದಲ್ಲ, ಮೈ ಮಾಡುವುದು. ನಾನು ಬಗ್ಗಿದೆ. ಗಂಟು ಕಣ್ಣ ಹತ್ತಿರ ಬಂತು. ಒತ್ತಿದರೆ ಬೆರಳು ಗಂಟಿನೊಳಗೇ ಹೋಯಿತು. ಹಿಮ್ಮಡಿಯಿಂದ ಒದ್ದೆ. ಬಿದಿರಿನ ಬದಲು ಕಂಟೇನರಿನ ತಗಡು ಢಣ್ ಎಂದಿತು. ನೆಟ್ಟಗಾಗಿ ಗುಂಡಿ ಒತ್ತಿ ಮುಂದಿನ ಗಂಟಿಗೆ ಹೋದೆ. ಬಗ್ಗಿದೆ. ನೆಟ್ಟಗಾದೆ. ಮತ್ತೆ ಬಗ್ಗಿದೆ. ನಾಲ್ಕನೇ ಗಂಟಿನ ಹೊತ್ತಿಗೆ ಕಿವಿಯ ಹಿಂದೆ ತಣ್ಣನೆಯ ಬೆವರು ಇಳಿಯಿತು, ಬಾಯಿ ತುಂಬ ನೀರು ಬಂತು. ನಾನು ಕುಳಿತಿದ್ದೇನೆ, ಬಿಲ್ಡಿಂಗು ನಡೆಯುತ್ತಿದೆ. ಬೆಳಿಗ್ಗೆ ತಿಂದ ಉಪ್ಪಿಟ್ಟು ಹೊಟ್ಟೆಯಲ್ಲಿ ಎದ್ದು ನಿಂತು ಬಾಗಿಲು ಎಲ್ಲಿ ಎಂದು ಕೇಳತೊಡಗಿತು.

ಬಲಗಡೆ ಒಂದು ನಿಲುಬಿದಿರು ಕಂಡಿತು. ಕೈ ಚಾಚಿ ಅದನ್ನು ತಬ್ಬಿದೆ. ಅದು ತಿರುಗುತ್ತಿದ್ದ ಸ್ಟ್ಯಾಂಡ್ ಫ್ಯಾನು.

ಹುಡುಗಿ ಓಡಿ ಬಂದು ಫ್ಯಾನಿನ ಸ್ವಿಚ್ ಆರಿಸಿದಳು. ನಾನು ಕನ್ನಡಕ ಕಿತ್ತಿಟ್ಟು, ಅರ್ಜೆಂಟ್ ಫೋನ್ ಬಂದಿದೆ ಎಂದು ಹೇಳಿ ಹೊರಗೆ ನಡೆದೆ. ಫೋನು ಮೇಜಿನ ಮೇಲೆಯೇ ಇತ್ತು. ಕಂಟೇನರಿನ ಹಿಂದಿನ ಮರಳಿನ ರಾಶಿಗೆ ಉಪ್ಪಿಟ್ಟನ್ನು ಒಪ್ಪಿಸಿ, ಬೆಕ್ಕಿನ ಹಾಗೆ ಕಾಲಿನಿಂದ ಮುಚ್ಚಿದೆ. ವಾಪಸು ಹೋದಾಗ ಅವಳು ಏನನ್ನೂ ಕೇಳದೆ ನೀರಿನ ಬಾಟಲಿಯನ್ನೂ ನನ್ನ ಫೋನನ್ನೂ ಕೊಟ್ಟಳು. ನಾಳೆ ಇನ್ನೊಂದು ಸಲ ನೋಡೋಣ ಎಂದಳು.

ಹೊರಗೆ ಎಂಟು ಜನ ಕಾಯುತ್ತಿದ್ದರು. ದೋಸ್ತನ ಬೀಡಿ ಆರಿ ಎಷ್ಟೋ ಹೊತ್ತಾಗಿತ್ತು.

"ಏನಾತು?" ಅಂದ.

"ಬ್ಯಾಟ್ರಿ ಮುಗೀತು," ಅಂದೆ.

ಇಷ್ಟೇ ಮಾತು. ಆದರೆ ಅಂದ ಕ್ಷಣವೇ ನಾನು ಏನು ಮಾಡಿದೆನೆಂದು ಗೊತ್ತಾಯಿತು. ನಿಯಮ ಮಾಡಿದವನು, ಆ ನಿಯಮಕ್ಕಾಗಿ ಒಬ್ಬನ ಅನ್ನವನ್ನು ಬೇರೆ ಕಡೆ ಅಟ್ಟಿದವನು, ಚಕ್ಕರನ್ನು ಮುಚ್ಚಿಟ್ಟಿದ್ದೆ. ಕಾರ್ಡಿನ ಚಿಂತೆ ಆಮೇಲಿನದು. ಇದು ಹೊರಗೆ ಬಿದ್ದರೆ ನಾಳೆ ಎತ್ತರದಲ್ಲಿ ನಿಂತು ನಾನು ಒಂದು ಮಾತು ಹೇಳಿದರೆ ಯಾರು ಕೇಳಬೇಕು?

ಬ್ಯಾಟ್ರಿ ಮುಗಿದದ್ದು ನನಗೆ ಮಾತ್ರ. ಮಧ್ಯಾಹ್ನದೊಳಗೆ ದೋಸ್ತ ಪಾಸಾದ. ಗಂಟು ನೋಡಲಿಲ್ಲವೇ ಎಂದು ಕೇಳಿದರೆ, ಸಮುದ್ರ ಎಷ್ಟು ಚೆನ್ನಾಗಿತ್ತೆಂದು ಹೇಳಿದ. ಎರಡನೇ ಮಾಳಿಗೆಯಿಂದಲೇ ನಾನು ನಾಲ್ಕು ಸಲ ಇಳಿಸಿಕೊಂಡು ಬಂದಿದ್ದ, ಟೋಳಿಯಲ್ಲೇ ಪುಕ್ಕಲನಾದ ಒಬ್ಬನಿದ್ದಾನೆ. ಅವನೂ ಒಳಗೆ ಹೋಗಿ, ಹಲ್ಲು ಕಿರಿಯುತ್ತ ಹೊರಗೆ ಬಂದ. "ಅದ್ರಾಗ ಏನೈತ್ರಿ ಮುಕಾದಮ್ರ, ಕುಂತಲ್ಲೇ ಕುಂತು ಹೋಗೂದು," ಎಂದು ನನಗೆ ಧೈರ್ಯ ಹೇಳಿದ.

ಸಂಜೆ ಜೋಗೇಶ್ವರಿಯ ಮನೆಗೆ ಬಂದೆ. ಹೆಂಡತಿ ರೊಟ್ಟಿ ಬಡಿಸಿದಳು. ಎರಡು ಬಗೆಯ ಪಲ್ಯದ ವಾಸನೆ ಮೂಗಿಗೆ ಬಡಿದದ್ದೇ ಬಿಲ್ಡಿಂಗು ಮತ್ತೆ ನಡೆಯತೊಡಗಿತು. ಇವತ್ತು ಉಪವಾಸ ಎಂದೆ. "ಯಾವ ದೇವರದು ರೀ? ನಿಮ್ಮ ಉಪಾಸ ಸೋಮವಾರ, ಇವತ್ತ ಮಂಗಳವಾರ," ಎಂದು ತಾಟನ್ನು ಅಲ್ಲೇ ಬಿಟ್ಟು ನನ್ನ ಮುಖ ನೋಡುತ್ತ ಕುಳಿತಳು. ಅವಳು ಹಾಗೆ ಕುಳಿತರೆ ಪೊಲೀಸರ ಅಗತ್ಯವಿಲ್ಲ. ಫ್ಯಾನಿನ ವಿಷಯ ಒಂದನ್ನು ಬಿಟ್ಟು ಎಲ್ಲ ಹೇಳಿದೆ. ಸ್ವಲ್ಪ ಹೊತ್ತಿಗೆ ಫ್ಯಾನಿನದೂ ಹೇಳಿದೆ.

ಅವಳು ನಗುತ್ತಾಳೆಂದು ತಿಳಿದಿದ್ದೆ. ನಗಲಿಲ್ಲ. ನಮ್ಮ ಮದುವೆಯಾದಂದಿನಿಂದ ಪ್ರತಿ ವರ್ಷ ಊರಿಗೆ ಬಸ್ಸಿನಲ್ಲಿ ಹೋಗುತ್ತೇವೆ. ಬಸ್ಸು ಘಾಟ್ ಹತ್ತಿದ ಕೂಡಲೇ ಅವಳಿಗೆ ಹೊಟ್ಟೆ ತೊಳೆಸುತ್ತದೆ. ಪಕ್ಕದಲ್ಲಿ ಕುಳಿತ ನಾನು ಮೂವತ್ತು ಮಾಳಿಗೆ ಹತ್ತುವ ಗಂಡಸಿನ ಹೆಂಡತಿಗೆ ಇದು ಶೋಭೆಯಲ್ಲ ಎಂದು ಉಪದೇಶ ಮಾಡುತ್ತ, ಕಡಲೆಕಾಯಿ ತಿನ್ನುತ್ತ ಹೋಗುತ್ತೇನೆ.

"ಬಸ್ಸಿನಾಗ ನನಗ ಏನಂತಿದ್ರಿ ನೆನಪೈತೇನ?" ಅಂದಳು. "ಮನಸ್ಸು ಗಟ್ಟಿ ಮಾಡ್ಕೋ ಅಂತಿದ್ರಿ. ಈಗ ನೀವು ಮಾಡ್ಕೋರಿ ನೋಡೂಣು."

ನಾನು ತಾಟು ನೋಡಿದೆ.

"ಮನಸ್ಸು ಗಟ್ಟಿನ ಇರತೈತ್ರಿ. ಹೊಟ್ಟಿಗೆ ಅದು ಗೊತ್ತಾಗಂಗಿಲ್ಲ. ಮುಚ್ಚಿಟ್ಕೊಂಡು ಕುಂತ್ರ ಇನ್ನಾ ಜಾಸ್ತಿ ಆಗತೈತಿ. ನಾ ನಿಮಗ ಹೆದರಿ ಮುಚ್ಚಿಟ್ಕೊಂತಿದ್ನಿ, ಅದಕ್ಕ ಘಾಟ್ ದಾಟೂ ತನಕ ಸಾಯತಿದ್ನಿ."

ಇಷ್ಟು ವರ್ಷ ಅದು ನನಗೆ ಗೊತ್ತೇ ಇರಲಿಲ್ಲ. ಅವಳು ಎದ್ದು, ತನ್ನ ಪ್ರಯಾಣದ ಚೀಲದಲ್ಲಿರುವ ಔಷಧಿಯನ್ನೆಲ್ಲ ತಂದು ಮುಂದೆ ಇಟ್ಟಳು. ಮೂಸಲಿಕ್ಕೆ ನಿಂಬೆಹಣ್ಣು, ಚೀಪಲಿಕ್ಕೆ ಉಪ್ಪು ಹಚ್ಚಿದ ಒಣಶುಂಠಿ. ಖಾಲಿ ಹೊಟ್ಟೆ ಬೇಡ, ಹೊಟ್ಟೆ ತುಂಬ ಉಪ್ಪಿಟ್ಟೂ ಬೇಡ. ಕಣ್ಣು ದೂರ ಇಡಬೇಕು. ಇಪ್ಪತ್ತೆರಡು ವರ್ಷದ ಅನುಭವ ಅದು, ನಾನು ತಲೆಬಾಗಿ ಕೇಳಿದೆ. ಮುಚ್ಚಿಡಬಾರದೆಂಬ ಮಾತನ್ನು ಮಾತ್ರ ಕೇಳಿಯೂ ಕೇಳದವನಂತೆ ಬಿಟ್ಟೆ.

ಬುಧವಾರ ಎರಡನೇ ಸಲ. ಒಂದು ದವಡೆಯಲ್ಲಿ ಶುಂಠಿ, ಶರ್ಟಿನ ಕಿಸೆಯಲ್ಲಿ ನಿಂಬೆ. ಮುಕಾದಮನಿಗೆ ಬಿಳಿ ಹೆಲ್ಮೆಟ್, ಅದನ್ನು ಗೌರವಕ್ಕೆಂದು ತೊಡೆಯ ಮೇಲೆ ಇಟ್ಟುಕೊಂಡೆ. ಫ್ಯಾನನ್ನು ಹುಡುಗಿ ತಾನೇ ದೂರದ ಮೂಲೆಗೆ ಸರಿಸಿದ್ದಳು. ಕೆಳಗೆ ನೋಡಬೇಡಿ ಕಾಕಾ, ಸೀದಾ ನೋಡಿ ಎಂದಳು. ಸಮುದ್ರವನ್ನೇ ನೋಡುತ್ತ ಗುಂಡಿ ಒತ್ತಿದೆ. ಮೊದಲ ಕೊಕ್ಕೆ ಸಿಕ್ಕಿಸಿದೆ, ಎರಡನೆಯದನ್ನೂ ಸಿಕ್ಕಿಸಿದೆ. ಶುಂಠಿ ಕೆಲಸ ಮಾಡುತ್ತಿತ್ತು. ಮೂರನೆಯದರ ಹತ್ತಿರ ಕಣ್ಣಂಚಿಗೆ ಒಂದು ಗಂಟು ಬಿತ್ತು. ಅದರ ತುದಿ ಬಿಚ್ಚಿ ಗಾಳಿಗೆ ಹಾರಾಡುತ್ತಿತ್ತು. ಹಾಗೆ ಹಾರಾಡುವ ತುದಿಯನ್ನು ನೋಡಿಯೂ ದಾಟಿ ಹೋಗುವುದೆಂದರೆ ಮಗು ಬಾವಿಯ ಕಟ್ಟೆ ಹತ್ತಿದ್ದನ್ನು ನೋಡಿ ಪೇಪರು ಓದಿದ ಹಾಗೆ. ಬಗ್ಗಿದೆ. ತುದಿ ಹಿಡಿಯಲಿಕ್ಕೆ ಕೈ ಹಾಕಿದೆ, ಸಿಗಲಿಲ್ಲ. ಇನ್ನೊಮ್ಮೆ ಹಾಕಿದೆ. ಇಡೀ ಬೊರಿವಲಿ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಕನ್ನಡಕವನ್ನು ಹಣೆಗೆ ಏರಿಸುವಷ್ಟೇ ಸಮಯ ಸಿಕ್ಕಿತು, ಬಾಗಿಲಿನ ತನಕ ಹೋಗುವಷ್ಟು ಸಿಗಲಿಲ್ಲ. ತೊಡೆಯ ಮೇಲಿದ್ದ ಹೆಲ್ಮೆಟ್ ನನ್ನ ಮರ್ಯಾದೆಯನ್ನು ಕಾಪಾಡಿತು, ತನ್ನದನ್ನು ಕಳೆದುಕೊಂಡಿತು.

ಕಂಟೇನರಿನ ಹಿಂದಿನ ನಳದಲ್ಲಿ ಅದನ್ನು ತೊಳೆಯುತ್ತಿದ್ದಾಗ ದೋಸ್ತ ಬಂದು ನಿಂತ.

"ಟೊಪ್ಪಿಗಿ ಯಾಕ ತೊಳಿಯಾಕತ್ತಿ?"

"ಧೂಳ ಆಗಿತ್ತು."

"ಒಳಗ?"

ನಾನು ನೀರು ಜೋರು ಬಿಟ್ಟೆ. ಅವನು ಹುಬ್ಬು ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಮಾಡಿ ಹೋದ. ಅವನಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು ಗುರುವಾರವಿಡೀ ಯೋಚಿಸಿದೆ. ಮೂವತ್ತು ಮಾಳಿಗೆ ಎತ್ತರದಲ್ಲೂ ನಿದ್ದೆ ಬರುವ ಮನುಷ್ಯ ನಾನು, ಲೋಕಲ್ಲಿನಲ್ಲಿ ಸೀಟು ಸಿಕ್ಕರೂ ಕಣ್ಣು ಮುಚ್ಚಲಿಲ್ಲ.

ಶುಕ್ರವಾರ ಕೊನೆಯ ಅವಕಾಶ. ಶುರುಮಾಡುವ ಮೊದಲು ಹುಡುಗಿ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತು, ನೀವು ಪ್ರತಿ ಸಲ ಯಾಕೆ ಬಗ್ಗುತ್ತೀರಿ ಎಂದು ಕೇಳಿದಳು. ಗಂಟಿನ ವಿಷಯ ಹೇಳಿದೆ. ಅದು ಬರೀ ಚಿತ್ರ, ಗಂಟು ಸುಳ್ಳು ಎಂದಳು.

"ಬೀಳೂದೂ ಚಿತ್ರದಾಗ ಐತಲ್ಲವಾ? ಗಂಟು ಸುಳ್ಳಂದ್ರ ಕೊಕ್ಕಿ ಯಾಕ ಹಾಕಬೇಕು?" ಅಂದೆ.

ಅವಳು ಪೆನ್ನು ಕೆಳಗಿಟ್ಟಳು. ಆಮೇಲೆ ತನ್ನ ಹರಕುಮುರುಕು ಕನ್ನಡದಲ್ಲಿ, ಹಿಂದಿ ಸೇರಿಸಿ, ನನಗೆ ತಿಳಿಯುವ ಹಾಗೆ ಹೇಳಿದಳು. ಕಣ್ಣು ನಡೆಯುತ್ತಿದ್ದೇನೆ ಅನ್ನುತ್ತದೆ, ಕಿವಿಯೊಳಗೆ ಮೈಯ ತೂಕ ಹಿಡಿಯುವ ಒಂದು ಜಾಗ ಇದೆ, ಅದು ಕುಳಿತಿದ್ದೇನೆ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆಗೆ ಪೆಟ್ಟು. ಕಲಿಯುವಾಗ ಅವಳಿಗೂ ಒಂದು ವಾರ ಹೀಗೇ ಆಗಿತ್ತಂತೆ. ಕೆಟ್ಟ ಗಂಟು ಕಂಡರೆ ಬಗ್ಗುವುದು ಬೇಡ, ಬಾಯಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದಳು. "ಔರ್ ಚಕ್ಕರ್ ಬಂದ್ರೆ ಬೋಲ್ರಿ ಕಾಕಾ, ನಾನು ಪಿಕ್ಚರ್ ರೋಕ್ತೀನಿ. ರೋಕಿದ್ರೆ ಫೇಲ್ ಅಲ್ಲ."

ನಿಲ್ಲಿಸಿದರೆ ಫೇಲ್ ಅಲ್ಲ. ಇದನ್ನು ಮಂಗಳವಾರವೇ ಹೇಳಬಹುದಿತ್ತಲ್ಲ ಎಂದು ಕೇಳಬೇಕೆಂದಿದ್ದೆ. ಆದರೆ ಮಂಗಳವಾರ ನಾನು ಫೋನ್ ಬಂತೆಂದು ಓಡಿದ್ದೆ.

ಕನ್ನಡಕ ಕಟ್ಟಿಕೊಳ್ಳುವಾಗ ನೋಡಿದೆ, ಎಂಟೂ ಜನ ಬಾಗಿಲಿಗೆ ಬಂದು ನಿಂತಿದ್ದರು. ಮುಕಾದಮನಿಲ್ಲದೆ ಹೊಸ ಪರಾಂಚಿ ಶುರುಮಾಡುವ ಹಾಗಿಲ್ಲ, ಅವರಿಗೆ ಬೇರೆ ಕೆಲಸವಿರಲಿಲ್ಲ. ನನಗೆ ಕಾಣುವುದೆಲ್ಲ ಗೋಡೆಯ ಟೀವಿಯಲ್ಲಿ ಅವರಿಗೂ ಕಾಣುತ್ತದೆ. ಇನ್ನು ಬ್ಯಾಟ್ರಿಯ ಕಥೆ ನಡೆಯುವುದಿಲ್ಲ.

ಗುಂಡಿ ಒತ್ತಿದೆ. ಮೊದಲ ಗಂಟು ಸಡಿಲ ಎಂದು ಕೂಗಿದೆ. ಎರಡನೆಯದೂ ಸಡಿಲ. ಮೂರನೆಯದನ್ನು ಕಟ್ಟಿದವನನ್ನು ನನ್ನ ಮುಂದೆ ನಿಲ್ಲಿಸಿ ಎಂದೆ. ಹಿಂದಿನಿಂದ, ಹೌದಲ್ಲ, ಅಡ್ಡಸುತ್ತೇ ಇಲ್ಲ ಎಂದು ಟೋಳಿಯವರೂ ಗೊಣಗತೊಡಗಿದರು. ಪಾಸಾಗುವ ಗಡಿಬಿಡಿಯಲ್ಲಿ ಅವರು ಅದನ್ನು ನೋಡಿಯೇ ಇರಲಿಲ್ಲ. ಬಗ್ಗದೆ ಹೋದದ್ದರಿಂದ ಎರಡು ಕೊಕ್ಕೆ ಸಲೀಸಾಗಿ ಆಯಿತು. ಮೂರನೆಯದಕ್ಕೆ ಹೋಗುವ ದಾರಿಯಲ್ಲಿ ತಿರುವಿತ್ತು. ತಿರುಗಿದೆ. ಕಿವಿಯ ಹಿಂದೆ ತಣ್ಣಗಾಯಿತು. ಬಾಯಲ್ಲಿ ನೀರು. ಶುಂಠಿ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಇನ್ನು ಹತ್ತು ಹೆಜ್ಜೆ, ಹಲ್ಲು ಕಚ್ಚಿದರೆ ಮುಗಿಯುತ್ತದೆ ಎಂದು ಒಂದು ಮನಸ್ಸು ಹೇಳಿತು. ಮರಳಿಗೆ ಚುಚ್ಚಿಕೊಂಡು ನಿಂತ ಬಿದಿರು ಕಣ್ಣಿಗೆ ಬಂತು. ಅವನೂ ಹೀಗೆಯೇ ಹತ್ತು ಹೆಜ್ಜೆ ಎಂದುಕೊಂಡಿದ್ದನೇನೋ.

"ಚಕ್ಕರ್," ಅಂದೆ. ದನಿ ನನ್ನದೇ ಎಂದು ನಂಬಲಾಗಲಿಲ್ಲ.

ಚಿತ್ರ ನಿಂತಿತು. ಆಮೇಲೆ ಬಾಗಿಲಿನಲ್ಲಿದ್ದ ದೋಸ್ತ, ರೂಢಿಯಂತೆ, ಹಿಂದಿನವನಿಗೆ "ಚಕ್ಕರ್" ಎಂದು ದಾಟಿಸಿದ. ಅವನು ತನ್ನ ಹಿಂದಿನವನಿಗೆ ಹೇಳಿದ. ಹೀಗೆ ಮಾತು ಎಂಟು ಬಾಯಿ ದಾಟಿ ಹೊರಗೆ ಹೋಗಿ, ಗೇಟಿನ ವಾಚ್‌ಮನ್ನಿನ ತನಕ ಮುಟ್ಟಿತು. ಯಾರಿಗೆ ಚಕ್ಕರ್ ಎಂದು ಅವನು ಮೇಲಕ್ಕೆ ನೋಡಿದನಂತೆ, ಮೇಲೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಹಿಂದೆ ಗುಸುಗುಸು ಶುರುವಾಯಿತು. ಮುಕಾದಮರು ಕುಳಿತಿರುವುದು ಕುರ್ಚಿಯಲ್ಲಿ, ಕಾಲು ನೆಲದ ಮೇಲೇ ಇದೆ, ಅಂದ ಮೇಲೆ ಈಗಲೇ ನಗಬಹುದಲ್ಲವೇ ಎಂದು ಪುಕ್ಕಲ ಕೇಳಿದ. ಕಾಲು ಇರುವುದು ತಗಡಿನ ಮೇಲೆ, ಮಣ್ಣಿನ ಮೇಲಲ್ಲ ಎಂದು ಇನ್ನೊಬ್ಬ. ವಾದ ಜೋರಾಯಿತು. ನಾನು ಕಣ್ಣು ಮುಚ್ಚಿಕೊಂಡು ನಿಂಬೆಹಣ್ಣು ಮೂಸುತ್ತ ಅವರ ತೀರ್ಪಿಗಾಗಿ ಕಾದೆ. ಕೊನೆಗೆ ದೋಸ್ತ ಟೀವಿಯ ಕಡೆ ಕೈ ತೋರಿಸಿ ಹೇಳಿದ:

"ಅಲ್ಲಿ ನೋಡ್ರಿ, ಇನ್ನಾ ಮ್ಯಾಲ ಅದಾನ. ಯಾರೂ ನಗಬ್ಯಾಡ್ರಿ."

ಯಾರೂ ನಗಲಿಲ್ಲ. ಹೊಟ್ಟೆ ತಣ್ಣಗಾದ ಮೇಲೆ ಮುಂದುವರಿದೆ. ಇನ್ನೂ ಎರಡು ಸಲ ಚಕ್ಕರ್ ಎಂದೆ, ಎರಡು ಸಲವೂ ಮಾತು ವಾಚ್‌ಮನ್ನಿನ ತನಕ ಹೋಗಿಬಂತು. ನಾಲ್ಕನೇ ಕೊಕ್ಕೆ ಬಿತ್ತು, ಆ ತುದಿ ಬಂತು. ಉಪ್ಪಿಟ್ಟು ಇರಲಿಲ್ಲ, ಬೆಳಿಗ್ಗೆ ತಿಂದ ಎರಡು ಬಾಳೆಹಣ್ಣು ತಮ್ಮ ಜಾಗದಲ್ಲೇ ಇದ್ದವು. ಹುಡುಗಿ ಕನ್ನಡಕ ಬಿಚ್ಚಿದಳು. ನಾನು ಎದ್ದು ಬಾಗಿಲು ದಾಟಿ ಮಣ್ಣಿನ ಮೇಲೆ ಕಾಲು ಇಟ್ಟೆ. ಆಗ ನಕ್ಕರು ನೋಡಿ. ಒಬ್ಬ ಸಿಮೆಂಟ್ ಚೀಲದ ಮೇಲೆ ಬಿದ್ದ. ಪುಕ್ಕಲನಂತೂ ಕಣ್ಣೀರು ಒರೆಸಿಕೊಳ್ಳುತ್ತ ನನ್ನ ಬೆನ್ನು ತಟ್ಟಿದ, ನಾಲ್ಕು ಸಲ ನಾನು ಅವನಿಗೆ ತಟ್ಟಿದ ಹಾಗೆಯೇ.

ನಗು ಇಳಿಯಲಿ ಎಂದು ಕಾದು ಹೇಳಿದೆ. ಮಂಗಳವಾರವೂ ಬಂದಿತ್ತು, ಬುಧವಾರವೂ ಬಂದಿತ್ತು, ಎರಡು ಸಲವೂ ಮುಚ್ಚಿಟ್ಟೆ ಎಂದೆ. ಮುಚ್ಚಿಟ್ಟವನಿಗೆ ಟೋಳಿಯಲ್ಲಿ ಏನೆಂದು ನಿಮಗೆ ಗೊತ್ತು, ನೀವು ಹೇಳಿದ ಹಾಗೆ ಆಗಲಿ ಎಂದೆ.

ಮರಳಿನ ರಾಶಿಯೂ ಗೊತ್ತು, ಟೊಪ್ಪಿಗೆಯೂ ಗೊತ್ತು, ನೀನಾಗಿ ಯಾವಾಗ ಹೇಳುತ್ತೀಯೋ ಎಂದು ಕಾದೆ ಎಂದ ದೋಸ್ತ. ಪುಕ್ಕಲ, ಎತ್ತರದಲ್ಲಿ ಮುಚ್ಚಿಡುವುದು ಬೇರೆ, ಕುರ್ಚಿಯಲ್ಲಿ ಬೇರೆ ಎಂದು ನನ್ನ ಪರ ವಕಾಲತ್ತು ಶುರುಮಾಡಿದ. ಕೆಲವರು ಹೌದೆಂದರು, ಕೆಲವರು ನಿಯಮ ಅಂದರೆ ನಿಯಮ ಎಂದರು. ಆಗ ದೋಸ್ತ, ಇದನ್ನು ಹೇಳುವ ಹಕ್ಕು ಇಲ್ಲಿರುವ ಯಾರಿಗೂ ಇಲ್ಲ ಎಂದು ತನ್ನ ಫೋನು ತೆಗೆದು ಒಂದು ನಂಬರು ಒತ್ತಿ, ಸ್ಪೀಕರ್ ಹಾಕಿ, ನನ್ನ ಕೈಗೆ ಕೊಟ್ಟ. ಆ ಕಡೆ ಕಟ್ಟಿಗೆ ಕೊಯ್ಯುವ ಯಂತ್ರದ ಸದ್ದು. ನಾನು ಕಳಿಸಿದವನು ಜೋಗೇಶ್ವರಿಯಿಂದ ಹಲೋ ಅಂದ. ಅವನ ಕಾರಖಾನೆ ನನ್ನ ಮನೆಯಿಂದ ಎರಡು ಓಣಿ ಆಚೆ. ಅವನನ್ನು ಕಳಿಸಿದ ಮೇಲೆ ಆ ಓಣಿಯಲ್ಲಿ ನಾನು ಹೋದದ್ದಿಲ್ಲ.

ನಿಂತಲ್ಲೇ ಎಲ್ಲ ಹೇಳಿದೆ. ಕೊನೆಗೆ ಅವನು ಕೇಳಿದ:

"ಬುಧವಾರ ಎಲ್ಲಿ ಕಾರ್ಕೊಂಡ್ರಿ?"

"ಹೆಲ್ಮೆಟ್ಟಿನಾಗ."

"ಬಿಳೀದು?"

"ಬಿಳೀದು."

ಯಂತ್ರದ ಸದ್ದು ನಿಂತಿತು. ಆ ಕಡೆ ಅವನು ಎಷ್ಟು ಹೊತ್ತು ನಕ್ಕನೆಂದರೆ, ದೋಸ್ತ ಫೋನು ಕಟ್ಟಾಯಿತೇನೋ ಎಂದು ಎರಡು ಸಲ ಇಣುಕಿ ನೋಡಿದ. ನಗು ಮುಗಿದ ಮೇಲೆ ಅವನ ದನಿ ಬೇರೆಯಾಗಿತ್ತು.

"ಮುಕಾದಮ್ರ, ಅವತ್ತ ನಾ ಯಾಕ ಮುಚ್ಚಿಟ್ನಿ ಗೊತ್ತೇನ್ರಿ? ನಿಮಗ ಎಂದೂ ಚಕ್ಕರ್ ಬಂದಿಲ್ಲಂತ ದಿನಾ ಹೇಳತಿದ್ರಿ. ನಿಮ್ಮ ಮುಂದ ಹ್ಯಾಂಗ ಹೇಳಬೇಕಿತ್ತು?"

ನಿನ್ನ ವಿಷಯದಲ್ಲಿ ತಪ್ಪು ಮಾಡಿದೆ ಎಂದೆ. ಇಷ್ಟು ಜನರ ಮುಂದೆ ಆ ಮಾತನ್ನು ನಾನು ಅದಕ್ಕೆ ಮೊದಲು ಯಾರಿಗೂ ಹೇಳಿದ್ದಿಲ್ಲ. ಬಿದಿರು ಕೈಬಿಟ್ಟದ್ದು ನನ್ನ ತಪ್ಪು, ಅದನ್ನು ನೀವು ಹೊರಬೇಡಿ ಎಂದು ಅವನು ಹೇಳಿದ. ವಾಪಸು ಬಾ ಎಂದು ಕರೆದೆ, ಬರುವುದಿಲ್ಲವೆಂದ. ಅಲ್ಲಿ ಕುರ್ಚಿ ಮಾಡುತ್ತಾನಂತೆ, ಕುರ್ಚಿಯ ಮೇಲೂ ಚಕ್ಕರ್ ಬರುತ್ತದೆಂದು ಈಗಷ್ಟೇ ತಿಳಿಯಿತಂತೆ. ಆಮೇಲೆ ಶಿಕ್ಷೆ ಹೇಳಿದ. ಟೋಳಿ ಬಿಡುವುದು ಬೇಡ. ನಾಲ್ಕು ದಿನ ನೆಲದ ಕೆಲಸ, ಮತ್ತು ಕನ್ನಡಕದ ಪರೀಕ್ಷೆಗೆ ಯಾರು ಬಂದರೂ ಅವರು ಕುಳಿತುಕೊಳ್ಳುವ ಮೊದಲು ನಡೆದದ್ದನ್ನೆಲ್ಲ ನನ್ನ ಬಾಯಿಂದಲೇ ಹೇಳಬೇಕು, ಹೆಲ್ಮೆಟ್ಟನ್ನು ಬಿಡಬಾರದು.

ಹಸಿರು ಕಾರ್ಡು ಕಿಸೆಯಲ್ಲಿಟ್ಟುಕೊಂಡು ನಾಲ್ಕು ದಿನ ಹಗ್ಗ ಕತ್ತರಿಸಿ ನೀರಿನಲ್ಲಿ ನೆನೆಹಾಕಿದೆ, ಬಿದಿರು ಎತ್ತಿ ಕೊಟ್ಟೆ. ನೆಲದ ಕೆಲಸ ಇಷ್ಟು ಭಾರವೆಂದು ನನಗೆ ಮರೆತೇಹೋಗಿತ್ತು. ಮೇಲಿನಿಂದ ಪುಕ್ಕಲ, ಹಗ್ಗ ಮೋಟಾಗಿದೆ ಮುಕಾದಮ್ರ, ಕೈ ಚುರುಕು ಮಾಡ್ರಿ ಎಂದು ಮರ್ಯಾದೆಯಿಂದಲೇ ಗದರಿಸುತ್ತಿದ್ದ. ಮನೆಯಲ್ಲಿ ಹೆಂಡತಿ, ಮುಂದಿನ ಸಲ ಊರಿಗೆ ಹೋಗುವಾಗ ಕಿಟಕಿಯ ಸೀಟು ತನಗೆ, ಕಡಲೆಕಾಯಿ ಬಂದ್ ಎಂದು ಬೇರೆ ಕಾನೂನು ಮಾಡಿದಳು.

ಕೊನೆಯ ದಿನ ಬೇರೊಂದು ಟೋಳಿ ಪರೀಕ್ಷೆಗೆ ಬಂತು, ಹೊರಗೋಡೆಗೆ ಪೈಪು ಹಾಕುವವರು. ಹುಡುಗಿ ನನ್ನನ್ನು ಕರೆದಳು. ಕಂಟೇನರಿನ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಗಂಟು, ಫ್ಯಾನು, ಮರಳು, ಹೆಲ್ಮೆಟ್. ಚಕ್ಕರ್ ಬಂದರೆ ಬಾಯಿಬಿಟ್ಟು ಹೇಳಿ, ನಿಲ್ಲಿಸುತ್ತಾರೆ, ಫೇಲ್ ಮಾಡುವುದಿಲ್ಲ ಎಂದೆ. ನಕ್ಕರು. ಅವರ ಮುಕಾದಮನೊಬ್ಬ, ನನ್ನದೇ ವಯಸ್ಸು, ಎದೆಯ ಮೇಲೆ ಕೈಕಟ್ಟಿ ಕೇಳುತ್ತಿದ್ದ. ಇಪ್ಪತ್ತೈದು ವರ್ಷದಿಂದ ಹಗ್ಗಕ್ಕೆ ಜೋತುಬಿದ್ದು ಕೆಲಸ ಮಾಡಿದ್ದೇನೆ, ನನಗೆ ಇಂಥದ್ದೆಲ್ಲ ಆಗುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿ, ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿಯಲ್ಲಿ ಕುಳಿತ.

ನಾನು ವಾದ ಮಾಡಲಿಲ್ಲ. ಹೊರಗೆ ಹೋಗಿ ಬಣ್ಣದ ಖಾಲಿ ಡಬ್ಬಿಯೊಂದನ್ನು ತೊಳೆದು ತಂದು, ಅವನ ಕೈಗೆ ಎಟಕುವ ಹಾಗೆ ಕುರ್ಚಿಯ ಪಕ್ಕದಲ್ಲಿಟ್ಟೆ.